ಶರ್ಯತ್ತಿನ ಗಾಡಿ

ನಮ್ಮಣ್ಣ ಕಾರು ಓಡಿಸಿದರೆ ಕಬ್ಬಿನ ಟ್ರ್ಯಾಕ್ಟರ್ ಕೂಡ ಅವನನ್ನು ಹಿಂದೆ ಹಾಕಿ ಹೋಗುತ್ತಿತ್ತು. ಅಷ್ಟು ನಿಧಾನ, ಪುಣ್ಯಾತ್ಮ! ಹುನ್ನೂರಿನಿಂದ ಬನಹಟ್ಟಿಗೆ ಅವನ ಜೊತೆ ಹೋಗುವಾಗ, ಇಳಿದು ನಡೆದರೇ ಲಗೂ ಮುಟ್ಟುತ್ತೇನೆ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಆದರೆ ನೋಡಲು ಆ ಕಾರು ಹುಲಿ. ಬನಹಟ್ಟಿಯಲ್ಲಿ ಮಗ್ಗದ ಬಿಡಿಭಾಗ ಮಾಡುವ ಲೇತ್ ಅಂಗಡಿಯಲ್ಲಿ ಅವನ ಕೆಲಸ. ಕೆಲಸ ಮುಗಿದ ಮೇಲೆ ಅದೇ ಲೇತ್ ಮೇಲೆ ತನ್ನ ಹಳೆಯ ಕಾರಿಗೆ ಒಂದೊಂದೇ ಸಾಮಾನು ಕಡೆದು ಕೂಡಿಸುತ್ತಿದ್ದ. ಅಗಲ ಗಾಲಿ, ತಗ್ಗಿದ ಮೈ, ಗುಡುಗುಡು ಅನ್ನುವ ಸೈಲೆನ್ಸರ್. ಅದರ ಸಪ್ಪಳ ಹೇಗಿರಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ.

ಮೊದಲು ಪೊಲೀಸರೂ ಕೈ ಮಾಡಿ ನಿಲ್ಲಿಸಿ, ಬಾನೆಟ್ ತೆಗೆಸಿ ನೋಡಿ, "ಛಲೋ ಮಾಡೀಲೇ" ಅನ್ನುತ್ತಿದ್ದರು.

ಆಮೇಲೆ ಮುಧೋಳ ರಸ್ತೆಯಲ್ಲಿ ಕೆಲವು ಹುಡುಗರು ಯಾರ ಕಾರು ಮುಂದೆ ಎಂದು ಶರ್ಯತ್ತು ಹಚ್ಚಿ ಓಡಿಸಿದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಣ್ಣುಮಗಳು ಅವರ ಗಾಲಿಗೆ ಸಿಕ್ಕು ಸತ್ತಳು. ಆ ಹುಡುಗರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪೊಲೀಸರಿಗೂ ಉರಿಯಿತು, ಸರಿಯೇ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬಣ್ಣ ಬದಲಿಸಿದ, ಗಾಲಿ ಬದಲಿಸಿದ ಗಾಡಿಗಳೆಲ್ಲ ಠಾಣೆ ಸೇರಿದವು. ನಮ್ಮ ಕಾರೂ ಹೋಯಿತು.

ಬಿಡಿಸಿಕೊಂಡು ಬರಲು ಅಪ್ಪ, ಅಣ್ಣ, ನಾನು ಹೋದೆವು. ಅಣ್ಣ ಯಾವ ಶರ್ಯತ್ತಿಗೂ ಹೋದವನಲ್ಲ ಎಂದು ಠಾಣೆಯ ಸಾಹೇಬರಿಗೆ ಅನ್ನಿಸಿದರೆ ಕಾರು ಹಾಗೆಯೇ ಕೈಗೆ ಬರುತ್ತಿತ್ತು. ಅರ್ಧ ನಂಬಿಯೂ ಇದ್ದರು. ಮೆತ್ತಗೆ ಅಪ್ಪನ ಕಡೆ ತಿರುಗಿದರು.

"ಏನ್ರಿ ಯಜಮಾನ್ರ, ಗಾಡಿ ಶರ್ಯತ್ತಿಗೆ ಬಿಡ್ತಿದ್ರೇನು?"

ಅಪ್ಪನ ಬಾಯಲ್ಲಿ ಕಾರು ಅಂದರೆ ಕಾರು, ಗಾಡಿ ಅಂದರೆ ಎತ್ತಿನ ಗಾಡಿ. ಹರೆಯದಲ್ಲಿ ಜೋಡೆತ್ತು ಹೂಡಿ ಸಾವಳಗಿಯ ತನಕ ಶರ್ಯತ್ತು ಗೆದ್ದವನು. ಸಾಹೇಬರು ತನ್ನ ಹೆಸರು ಕೇಳಿದ್ದಾರೆ ಎಂದುಕೊಂಡು ಮುಖ ಅರಳಿಸಿದ.

"ಬಿಡ್ತಿದ್ವಿರಿ ಸಾಹೇಬ್ರ! ನಮ್ಮ ಗಾಡಿ ಮುಂದ ಯಾವನೂ ನಿಲ್ತಿದ್ದಿಲ್ಲ. ಮಂದಿ ದಾರಿ ಬಿಟ್ಟು ಓಡ್ತಿದ್ರು!"

"ಅಯ್ಯ, ಎತ್ತಿನ ಗಾಡಿ ಹೇಳಾಕತ್ತಾರ್ರಿ ಅವರು!" ಎಂದು ನಾನು ಕೂಗಿದೆ.

"ನೀ ಸುಮ್ನಿರವಾ. ಹಿರಿಯಾರ ಒಪ್ಕೊಂಡಾರ." ಸಾಹೇಬರು ಎದ್ದು ಅಣ್ಣನ ಕಪಾಳಕ್ಕೆ ಹೊಡೆದರು. ಅಪ್ಪನ ನಗು ಇನ್ನೂ ಮುಖದಿಂದ ಇಳಿದಿರಲಿಲ್ಲ.

ಕಾರು ಬೇಕಾದರೆ ಸೈಲೆನ್ಸರ್ ಬಿಚ್ಚಿ, ಅಂಗಳದಲ್ಲಿ ಎಲ್ಲರ ಮುಂದೆ ಅಣ್ಣ ತಾನೇ ಒಡೆಯಬೇಕು ಎಂದರು. ಅಣ್ಣ ಬಿಚ್ಚಿದ. ಸುತ್ತಿಗೆ ಕೊಟ್ಟರೆ ಹಿಡಿದು ಸುಮ್ಮನೆ ನಿಂತ. ಕೈ ಏಳಲಿಲ್ಲ.

"ಒಡಿತಿಯೋ, ಒಳಗ ಹಾಕ್ಲೋ?"

"ಅವನ್ನ ಬಿಡ್ರಿ ಯಪ್ಪಾ, ನಾ ಒಡಿತೇನಿ," ಎಂದು ಅಪ್ಪ ಸುತ್ತಿಗೆ ಕಸಿದುಕೊಂಡ. ಮಗನನ್ನು ಉಳಿಸುವ ಅವಸರ ಅವನಿಗೆ. ರಟ್ಟೆಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ. ಅದು ಚಪ್ಪಟೆಯಾದ ಮೇಲೂ ಹೊಡೆಯುತ್ತಲೇ ಇದ್ದ. ಸಾಹೇಬರೇ "ಸಾಕ್ರಿ" ಅನ್ನಬೇಕಾಯಿತು. ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಅಪ್ಪ ಕೇಳಿದ: "ಈಗ ಅವರ ಸಿಟ್ಟ ಇಳೀತಲ್ಲೋ ಮಗಾ? ಇನ್ನೊಂದ ಮಾಡ್ಕೊಂಡ್ರ ಆತು, ಹೌದಲ್ಲ?"

"ಹೂಂ, ಆತಪ್ಪಾ," ಅಂದ ಅಣ್ಣ.

ಮರುವಾರ ಕಾರನ್ನು ಗುಜರಿಗೆ ಹಾಕಿದ. ಯಾಕೆ ಎಂದು ಅಪ್ಪ ಸಾಯುವ ತನಕ ನನ್ನನ್ನೇ ಕೇಳುತ್ತಿದ್ದ, ಅವನನ್ನು ಕೇಳಲಿಲ್ಲ.