ಸಮುದ್ರದಲ್ಲಿ ಪದ್ಮಾಸನ

ಬಿಜಾಪುರದ ಬಾವಿಯೊಂದರಲ್ಲಿ ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಈಜು ಕಲಿತವನು ನಾನು. ನೀರಿನ ಮೇಲೆ ಅಂಗಾತ ಮಲಗಿ, ಪದ್ಮಾಸನ ಹಾಕಿ, ಎದೆಯ ಮೇಲೆ ಕೈಮುಗಿದು ಅರ್ಧ ಗಂಟೆ ತೇಲುವುದು ನನ್ನ ಪರಮ ವಿದ್ಯೆ. ಲಂಡನ್ನಿನ ಕೆಂಟನ್ನಿಗೆ ಬಂದು ನೆಲೆಸಿದ ಮೇಲೆ ಕೌನ್ಸಿಲ್ಲಿನ ಈಜುಕೊಳದಲ್ಲಿ ಒಮ್ಮೆ ಅದನ್ನು ಪ್ರದರ್ಶಿಸಿದೆ. ಕಾವಲಿಗಿದ್ದ ಹುಡುಗಿ ಸೀಟಿ ಊದಿ, ಈಜುವವರಿಗೆ ಅಡ್ಡಿಯಾಗುತ್ತಿದೆ, ಏಳಿ ಎಂದಳು. ವಿಲಾಯಿತಿಯಲ್ಲಿ ವಿದ್ಯೆಗೆ ಬೆಲೆಯಿಲ್ಲವೆಂದು ತೀರ್ಮಾನಿಸಿ ಸುಮ್ಮನಾದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ನಾವು ಮೂವರು ಗ್ರೀಸಿನ ದ್ವೀಪವೊಂದಕ್ಕೆ ಹೋದೆವು. ಮಗಳಿಗೆ ಆಗ ಒಂಬತ್ತು. ಶಾಲೆಯವರು ಕರೆದೊಯ್ಯುವ ಕೊಳದಲ್ಲಿ ಚೆನ್ನಾಗಿಯೇ ಈಜುತ್ತಿದ್ದಳು, ಆದರೆ ಸಮುದ್ರವೆಂದರೆ ಹೆದರಿಕೆ. ಅವಳನ್ನು ನೀರಿಗಿಳಿಸುವ ಹೊಣೆ ನನ್ನದೆಂದು ವಿಮಾನದಲ್ಲೇ ಘೋಷಿಸಿದ್ದೆ. ಮೂರು ದಿನ ಅವಳು ಪಾದದ ಗಂಟಿನಿಂದ ಮೇಲಕ್ಕೆ ನೀರು ತಾಗಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ನಾನು ವಿದ್ಯೆಯನ್ನು ಹೊರತೆಗೆದೆ.

“ನೋಡು, ನೀರ ನಮ್ಮನ್ನ ಎತ್ತಿ ಹಿಡೀತದ. ನಾ ಕೈಕಾಲ ಸುದ್ದಾ ಆಡಸಂಗಿಲ್ಲ,” ಎಂದೆ.

“ಬಾವಿಗೆ ಗ್ವಾಡಿ ಇರ್ತಾವ್ರಿ. ಇದಕ್ಕೇನದ?” ಎಂದಳು ಹೆಂಡತಿ, ಛತ್ರಿಯ ಕೆಳಗಿನಿಂದ.

ಈಜುವವರ ಎಲ್ಲೆಗೆ ಕಿತ್ತಳೆ ಬಣ್ಣದ ತೇಲುಗುಂಡುಗಳ ಸಾಲೊಂದಿತ್ತು. ಅದರಾಚೆ ನೀರಿನ ಮೇಲೆ ಬೈಕಿನಂತೆ ನುಗ್ಗುವ ಜೆಟ್ ಸ್ಕೀಗಳ ಓಡಾಟ. ನಾನು ಎದೆಮಟ್ಟದ ನೀರಿನಲ್ಲಿ ಪದ್ಮಾಸನಸ್ಥನಾಗಿ ಕಣ್ಣು ಮುಚ್ಚಿದೆ. ಬಾವಿಯಲ್ಲಿ ಕಣ್ಣು ಮುಚ್ಚಿದವನಿಗೆ ತೆರೆದಾಗಲೂ ಅದೇ ಮೆಟ್ಟಿಲು ಕಾಣುತ್ತದೆ. ನಾನು ತೆರೆದಾಗ ತೇಲುಗುಂಡುಗಳು ನನಗೂ ದಡಕ್ಕೂ ನಡುವೆ ಇದ್ದವು. ದಡದ ಕಡೆಯಿಂದ ಬೀಸುವ ಗಾಳಿ ನನ್ನನ್ನು ಸದ್ದಿಲ್ಲದೆ ಸಾಗಿಸಿಬಿಟ್ಟಿತ್ತು. ಹತ್ತು ಮಾರು ದೂರದಲ್ಲಿ ಜೆಟ್ ಸ್ಕೀಯೊಂದು ಹಾದುಹೋಯಿತು. ಅದರ ಅಲೆ ಮೂಗಿಗೆ ನುಗ್ಗಿ ಪದ್ಮಾಸನ ಭಂಗವಾಯಿತು.

ಕೈಯೆತ್ತಿ ಕರೆಯಬೇಕಿತ್ತು. ಆದರೆ ಅಪ್ಪನೇ ಮುಳುಗುತ್ತಿರುವುದನ್ನು ಕಂಡರೆ ಮಗಳು ಇನ್ನೆಂದೂ ಸಮುದ್ರಕ್ಕೆ ಇಳಿಯಲಾರಳು. ಏನೂ ಆಗದವನಂತೆ ಗಂಭೀರವಾಗಿ ಈಜತೊಡಗಿದೆ. ಎಷ್ಟು ಈಜಿದರೂ ತೇಲುಗುಂಡು ಹತ್ತಿರ ಬರಲಿಲ್ಲ. ತೋಳು ಸೋತವು. ಅಷ್ಟರಲ್ಲಿ ದಡದ ಮೇಲೆ, ಲೈಫ್‌ಗಾರ್ಡಿನ ಕೈಹಿಡಿದು ನನ್ನತ್ತ ಬೆರಳು ತೋರಿಸುತ್ತಿದ್ದ ಸಣ್ಣ ಆಕೃತಿಯೊಂದು ಕಂಡಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೈಯೆತ್ತಿದೆ.

ಅವನು ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತ ಬಂದ. ನನ್ನನ್ನು ಹಿಟ್ಟಿನ ಚೀಲದಂತೆ ಅದರ ಮೇಲೆ ಎಳೆದುಕೊಂಡು ದಡ ಮುಟ್ಟಿಸಿದ.

“ನಿನಗ ಹೆಂಗ ಗೊತ್ತಾತು?” ಎಂದು ಮಗಳನ್ನು ಕೇಳಿದೆ.

“ಯು ವರ್ ಗೆಟಿಂಗ್ ಸ್ಮಾಲರ್,” ಎಂದಳು.

“ಆಸನ ಮುರದಿದ್ದು ಛಲೋ ಆತ್ರಿ,” ಎಂದಳು ಹೆಂಡತಿ, ಟವೆಲ್ಲು ಹೊದಿಸುತ್ತ. “ಹಂಗs ಕುಂತಿದ್ರ ತುರ್ಕಸ್ತಾನ ಮುಟ್ಟತಿದ್ರಿ.” ಹಾಗೆನ್ನುತ್ತಲೇ ಇನ್ನೊಂದು ಟವೆಲ್ಲನ್ನೂ ತಂದು ಸುತ್ತಿದಳು.

ನನ್ನ ಹೊಣೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಮಗಳು ಒಬ್ಬಳೇ ಹೋಗಿ ಲೈಫ್‌ಗಾರ್ಡನ್ನು ಏನೇನೋ ವಿಚಾರಿಸಿ ಬಂದಳು. ಗಾಳಿ ಇವತ್ತು ದಡದ ಕಡೆಗಿದೆ ಎಂದು ವರದಿ ಒಪ್ಪಿಸಿ, ನನ್ನನ್ನು ಸೊಂಟಮಟ್ಟದ ನೀರಿಗೆ ಕರೆದೊಯ್ದಳು.

“ಸ್ಟ್ಯಾಂಡ್ ಹಿಯರ್, ಅಪ್ಪಾ. ಫೀಟ್ ಡೌನ್. ನೋ ಫ್ಲೋಟಿಂಗ್.”

ಹತ್ತು ಹೆಜ್ಜೆ ಆಚೆ, ದಡಕ್ಕೆ ಅಷ್ಟೇ ಹತ್ತಿರದಲ್ಲಿ, ಅಮ್ಮನನ್ನು ನಿಲ್ಲಿಸಿದಳು. ಸೀರೆಯುಟ್ಟೇ ನಿಂತಳು ಅವಳು. ಮಗಳು ಒಮ್ಮೆ ಉಸಿರೆಳೆದುಕೊಂಡು ನಮ್ಮಿಬ್ಬರ ನಡುವೆ ಈಜಿದಳು. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ, ಊಟದ ಹೊತ್ತಿನ ತನಕ. ನನ್ನನ್ನು ಮುಟ್ಟಿ ತಿರುಗುವಾಗಲೆಲ್ಲ ಮುಖ ನೀರಿಗಿಳಿಸಿ, ನನ್ನ ಎರಡೂ ಪಾದ ತಳದಲ್ಲೇ ಇವೆಯೇ ಎಂದು ನೋಡಿಕೊಳ್ಳುತ್ತಿದ್ದಳು.