ಸೋತರೆ ಸುಮ್ಮನಿರು

ಆಫೀಸಿನ ದಾಖಲೆಯಲ್ಲಿ ಅವನಿಗೂ ಒಂದು ಹೆಸರಿತ್ತು. ಉಳಿದ ಕಡೆಯೆಲ್ಲ ಅವನು ಬಾಮೈದ. ಯಜಮಾನರ ಹೆಂಡತಿಯ ತಮ್ಮನಾದ್ದರಿಂದ ಬಾಮೈದ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಅವನೇ ಕರೆದುಕೊಳ್ಳುತ್ತಿದ್ದ. ಹೊಸಬರು ಬಂದು ನಿಮ್ಮ ಕೆಲಸವೇನು ಎಂದು ಕೇಳಿದರೆ, "ಬಾಮೈದ. ಫುಲ್ ಟೈಮ್," ಎನ್ನುತ್ತಿದ್ದ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟರೆ ನೋವು ಕಡಿಮೆ ಎಂಬುದು ನಲವತ್ತು ದಾಟಿದ ಆ ಆಸಾಮಿ ಅಷ್ಟು ವರ್ಷದಲ್ಲಿ ಕಲಿತಿದ್ದ ಒಂದೇ ವಿದ್ಯೆ.

ಅದಕ್ಕೂ ಮೊದಲು ಅವನು ಕೈ ಹಾಕದ ಕೆಲಸವಿರಲಿಲ್ಲ, ಕೈ ಹಾಕಿದ್ದು ಉಳಿದಿರಲಿಲ್ಲ. ಫೋಟೋ ಸ್ಟುಡಿಯೋ ಇಟ್ಟ. ಆ ವರ್ಷವೇ ಎಲ್ಲರ ಫೋನಿಗೂ ಒಳ್ಳೆಯ ಕ್ಯಾಮೆರಾ ಬಂತು. ಟೈಪಿಂಗ್ ಶಾಲೆಯಲ್ಲಿ ಪಾಲುದಾರನಾದ. ಕೊನೆಗೆ ಅವನೊಬ್ಬನೇ ವಿದ್ಯಾರ್ಥಿಯಾಗಿ ಉಳಿದ. ಆಗ ಅಕ್ಕ ಗಂಡನಿಗೆ ಹೇಳಿದಳು, "ನನ್ನ ತಮ್ಮ ದಡ್ಡ ಅಲ್ಲ ಕಣ್ರಿ, ಅವನ ಟೈಮ್ ಸರಿ ಇಲ್ಲ ಅಷ್ಟೆ." ಹೆಂಡತಿಯ ಮಾತು ತಳ್ಳಿಹಾಕುವ ಧೈರ್ಯ ಭಾವನಿಗೂ ಇರಲಿಲ್ಲ.

ಭಾವನ ಆಫೀಸು ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಕಿಟಕಿ ತೆಗೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ಲಾಂಡ್ರಿ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು: ಯಾವ ಅಂಗಿ ಯಾರದ್ದು, ಇಸ್ತ್ರಿ ಆಯಿತೋ ಇಲ್ಲವೋ, ಯಾವತ್ತು ಕೊಡಬೇಕು ಎಂದು ಲೆಕ್ಕ ಇಡುವ ಸಾಫ್ಟ್‌ವೇರ್. ಆರು ಜನ ಆರು ಕಡೆ ಕೂತು ಬರೆದದ್ದನ್ನೆಲ್ಲ ಸೇರಿಸಿ, ಓಡುವ ಒಂದು ಸರಕಾಗಿ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಬಿಲ್ಡ್ ಕೂಡಿಬಂದರೆ ಹಸಿರು, ಮುರಿದುಬಿದ್ದರೆ ಕೆಂಪು. ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಎಂಬ ವಿವರ ಲಾಗ್ ಎಂಬುದರಲ್ಲಿ ದಾಖಲಾಗುತ್ತದೆ. ಆ ಲಾಗು ಅವರವರ ಕಂಪ್ಯೂಟರಿನಲ್ಲೇ ಬಿದ್ದಿರುತ್ತಿತ್ತು. ಹಾಗಾಗಿ ಏನೇ ಕೆಟ್ಟರೂ, "ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆಯಲ್ಲ," ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು.

ಎಲ್ಲರದ್ದನ್ನೂ ಸೇರಿಸಿ ಕಟ್ಟಿ ನೋಡಿ, ತಪ್ಪು ಹಿಡಿದು, ಬರೆದವರ ಕುರ್ಚಿಯ ಹಿಂದೆ ಹೋಗಿ ನಿಲ್ಲುವುದು ಟೆಸ್ಟಿಂಗ್ ಮೇಡಂ ಕೆಲಸ. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಅವರು ಹಿಂದೆ ಬಂದು ನಿಂತರೆ ಸಾಕು, ಏನೋ ಮುರಿದಿದೆ ಎಂದು ಅರ್ಥ. ಬಾಮೈದನ ಕುರ್ಚಿಯ ಹಿಂದೆ ಅವರು ನಿಂತಷ್ಟು ಬೇರೆಲ್ಲೂ ನಿಂತಿರಲಿಲ್ಲ. ಅಂಗಿಗೆ ಪಿನ್ನು ಚುಚ್ಚಿ ಹಾಕುವ ಚೀಟಿಯನ್ನು ಮುದ್ರಿಸುವ ಸಣ್ಣ ಭಾಗ ಅವನದ್ದು. ಒಮ್ಮೆ ಅದು ಊರಿನ ಅಂಗಿಗಳನ್ನೆಲ್ಲ ಒಬ್ಬನೇ ಗಿರಾಕಿಯ ಹೆಸರಿಗೆ ಬರೆದುಕೊಟ್ಟಿತ್ತು.

ಲಾಗುಗಳನ್ನೆಲ್ಲ ಒಂದೇ ಕಡೆ ಸೇರಿಸುವ ಯೋಚನೆ ಹೊಳೆದದ್ದು ಅವನಿಗೇ. ದೂರದಲ್ಲಿ ಎಲ್ಲೋ ಇರುವ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿಯುವುದು. ಯಾರು ಬಿಲ್ಡ್ ಮಾಡಿದರೂ ಅದರ ಲಾಗು ತಾನಾಗಿ ಅಲ್ಲಿಗೆ ಹೋಗುವುದು. ಹಸಿರು ಕೆಂಪು ಎರಡೂ ಆಫೀಸಿನ ಗೋಡೆಯ ಟಿವಿಯಲ್ಲಿ ಎಲ್ಲರಿಗೂ ಕಾಣುವುದು. ಭಾವ ಅನುಮಾನದಿಂದಲೇ ಒಪ್ಪಿದ. "ಮಾಡು. ಇರೋದನ್ನ ಕೆಡಿಸಬೇಡ," ಎಂದ. ಬಾಮೈದನಿಗೆ ಅಷ್ಟೇ ಸಾಕಾಗಿತ್ತು. ಅಕ್ಕನ ಮುಖ ನೋಡಿ ಕೊಟ್ಟದ್ದಲ್ಲದ, ತನ್ನದೇ ಎನ್ನಬಹುದಾದ ಕೆಲಸ ಅವನಿಗೆ ಸಿಕ್ಕಿದ್ದು ಇದೇ ಮೊದಲು. ಹೇಗಾದರೂ ಇದು ಗೆಲ್ಲಬೇಕು ಎಂದು ಹಟ ಹಿಡಿದ.

ವಿಡಿಯೋ ನೋಡಿ ನೋಡಿ ಕಲಿತ. ಕಳ್ಳರು ನುಗ್ಗಬಾರದೆಂದು ಸರ್ವರಿನ ಬಾಗಿಲುಗಳನ್ನೆಲ್ಲ ಎಷ್ಟು ಭದ್ರವಾಗಿ ಮುಚ್ಚಿದನೆಂದರೆ ತಾನೇ ಒಳಗೆ ಹೋಗಲಾಗಲಿಲ್ಲ. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಹಾಕಿದ. ಎರಡನೇ ಸಲವೂ ಹಾಗೆಯೇ ಆಯಿತು. "ನನ್ನಿಂದಾಗಿ ಒಬ್ಬ ಕಳ್ಳನಂತೂ ಹೊರಗೇ ಉಳಿದ," ಎಂದು ಊಟದ ಹೊತ್ತಿನಲ್ಲಿ ತನ್ನ ಕಥೆಯನ್ನು ತಾನೇ ಹೇಳಿ ನಗಿಸಿದ. ಮೂರನೇ ಸಲ ಸರ್ವರ್ ಎದ್ದು ನಿಂತಿತು, ಟಿವಿ ಬೆಳಗಿತು. ಮೊದಲು ಕಾಣಿಸಿಕೊಂಡದ್ದು ಅವನದೇ ಬಿಲ್ಡ್. ಕೆಂಪು. ಆಮೇಲೆ ಅವನು ಮತ್ತೆ ಮತ್ತೆ ಮಾಡಿದವೂ ಕೆಂಪು.

ಅಷ್ಟರಲ್ಲಿ ಭಾವ ತನ್ನ ಕೋಣೆಯಿಂದ ಎದ್ದು ಬರುವ ಸದ್ದಾಯಿತು. ಬಾಮೈದ ಗಡಿಬಿಡಿಯಲ್ಲಿ ಟಿವಿಯ ಮೇಲಿದ್ದ ಕೆಂಪನ್ನೆಲ್ಲ ಅಳಿಸಿ, ಲಾಗನ್ನು ಸರ್ವರಿಗೆ ಕಳಿಸುವ ಸೆಟ್ಟಿಂಗ್ ಫೈಲಿಗೆ ಒಂದು ಸಾಲು ಸೇರಿಸಿದ. ಕಂಪ್ಯೂಟರ್ ಭಾಷೆಯಲ್ಲಿದ್ದ ಅದರ ಅರ್ಥ ಇಷ್ಟೆ: ಗೆದ್ದರೆ ಕಳಿಸು, ಸೋತರೆ ಸುಮ್ಮನಿರು. ಎರಡು ದಿನದ ಮಟ್ಟಿಗೆ ಇರಲಿ, ನನ್ನ ಕೈ ಪಳಗಿದ ಮೇಲೆ ತೆಗೆದರಾಯಿತು ಎಂದುಕೊಂಡ. ಭಾವ ಬಂದು ನೋಡಿದಾಗ ಟಿವಿಯಲ್ಲಿ, ಅಷ್ಟರಲ್ಲಿ ಹೇಗೋ ಕೂಡಿಬಂದ ಬಿಲ್ಡಿನ ಒಂದೇ ಒಂದು ಹಸಿರು ಗೆರೆ ಇತ್ತು. "ಪರವಾಗಿಲ್ವೇ," ಎಂದ ಭಾವ. ಆ ಒಂದು ಮಾತಿಗೆ ಬಾಮೈದನಿಗೆ ಎರಡು ಕೊಂಬು ಬಂದವು. ಮರುದಿನ ಅದೇ ಸೆಟ್ಟಿಂಗ್ ಫೈಲನ್ನು ಸರ್ವರಿನಿಂದ ಆರೂ ಜನರ ಕಂಪ್ಯೂಟರಿಗೆ, ಮೇಡಂ ಕಂಪ್ಯೂಟರಿಗೂ, ಹಂಚಿದ. ಆ ಸಾಲೂ ಜೊತೆಗೇ ಹೋಯಿತು. ಅವನು ಅದನ್ನು ಪೂರ್ತಿ ಮರೆತಿದ್ದ.

ಮೂರು ವಾರ ಗೋಡೆಯ ಟಿವಿ ಹಚ್ಚಹಸಿರು. ಭಾವ ಗಿರಾಕಿಗಳನ್ನು ಕರೆತಂದು ತೋರಿಸಿದ. ಅಕ್ಕ ಫೋನಿನಲ್ಲಿ, "ನಾನು ಹೇಳಿರಲಿಲ್ವಾ," ಎಂದು ಯಾರಿಗೋ ಜಂಬದಿಂದ ಹೇಳುವುದು ಅವನ ಕಿವಿಗೂ ಬಿತ್ತು. ಆಫೀಸಿನಲ್ಲಿ ಅವನು ಸರ್ವರ್ ಸಾರ್ ಆದ. ಕನ್ನಡಿಯ ಮುಂದೆ ನಿಂತು ಒಂದೆರಡು ಸಲ ತಾನೂ ಹಾಗೆ ಕರೆದು ನೋಡಿಕೊಂಡ.

ಒಂದು ಮಧ್ಯಾಹ್ನ ಭಾವ ಒಳಗೆ ಕರೆದು ಬಾಗಿಲು ಮುಚ್ಚಿದ. "ಎಲ್ಲಾ ಹಸಿರೇ ಇದೆಯಲ್ಲೋ. ಇನ್ನು ಮೇಡಂ ಯಾಕೆ ಬೇಕು? ಈ ತಿಂಗಳಿಗೆ ಮುಗಿಸಿಬಿಡೋಣ ಅಂತಿದೀನಿ. ನಾಳೆ ಬೆಳಿಗ್ಗೆ ಹೇಳ್ತೀನಿ. ನಿನ್ನ ಸರ್ವರ್ರೇ ಅವರ ಕೆಲಸ ಮಾಡ್ತಿದೆ," ಎಂದ. ಬಾಮೈದ ಅಯ್ಯೋ ಎನ್ನಬೇಕಿತ್ತು. ಅವನಿಗೆ ಆದದ್ದು ಹೆಮ್ಮೆ. ಸಂಜೆಯವರೆಗೂ ಆ ಹೆಮ್ಮೆ ಬಾಳಿತು ಎಂಬುದು ಅವನ ಬದುಕಿನಲ್ಲಿ ಅವನೇ ನಗಲಾರದ ಒಂದು ಸಂಗತಿ.

ಸಂಜೆ ಮೇಡಂ ಅವನ ಕುರ್ಚಿಯ ಹಿಂದೆ ಬಂದು ನಿಂತರು. "ಒಂದ್ಸಲ ನನ್ನ ಮೆಷಿನ್ ನೋಡ್ತೀರಾ? ನಾನು ಕಟ್ಟಿದ್ರೆ ದಿನಾ ಮುರೀತಿದೆ. ಟಿವಿಲಿ ನೋಡಿದ್ರೆ ಹಸಿರು. ಯಜಮಾನರಿಗೆ ಹೇಳಿದ್ರೆ ಮೆಷಿನ್ ಹಳೇದಾಯ್ತು ಅಂದ್ರು."

ಸರ್ವರ್ ಸಾರ್ ಗತ್ತಿನಿಂದಲೇ ಎದ್ದು ಹೋಗಿ ಅವರ ಕಂಪ್ಯೂಟರಿನ ಸೆಟ್ಟಿಂಗ್ ಫೈಲ್ ತೆರೆದ. ತನ್ನ ಕೈಯ ಸಾಲು ಕಣ್ಣಿಗೆ ಬಿತ್ತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಆ ಕೋತಿ ತಾನೇ. "ನೋಡ್ತೀನಿ ಮೇಡಂ," ಎಂದಷ್ಟೇ ಹೇಳಿ ಕಾಲಿಗೆ ಬುದ್ಧಿ ಹೇಳಿದ.

ಆ ರಾತ್ರಿ ಅವನು ತನಗೆ ತಾನೇ ಒಳ್ಳೆಯ ವಕೀಲನಾದ. ಆ ಸಾಲನ್ನು ಸದ್ದಿಲ್ಲದೆ ತೆಗೆದುಬಿಟ್ಟರಾಯಿತು. ಕೆಂಪು ಕಾಣಿಸುತ್ತದೆ, ಮೇಡಂ ಬೇಕು ಎಂದು ಭಾವನಿಗೇ ಅರ್ಥವಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಸಾಲನ್ನು ಅಳಿಸಿ, ಫೈಲನ್ನು ಹೊಸದಾಗಿ ಎಲ್ಲರ ಕಂಪ್ಯೂಟರಿಗೂ ಕಳಿಸಿದ. ಬೆಳಿಗ್ಗೆಯೇ ಭಾವ ಮೇಡಂ ಅವರನ್ನು ಕರೆದು ವಿಷಯ ಹೇಳಿಯಾಗಿತ್ತು ಎಂಬುದನ್ನು ಅವನ ವಕೀಲಿ ಬುದ್ಧಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಊಟ ಮುಗಿಸಿ ಬಂದವರು ಒಬ್ಬೊಬ್ಬರಾಗಿ ಬಿಲ್ಡ್ ಮಾಡತೊಡಗಿದರು. ಟಿವಿ ಕೆಂಪಾಗುತ್ತಾ ಹೋಯಿತು. ಭಾವ ಹೊರಗೆ ಬಂದು ನೋಡಿದ, ನೇರ ಮೇಡಂ ಮೇಜಿನ ಹತ್ತಿರ ಹೋದ.

"ಬೆಳಿಗ್ಗೆ ನಿಮಗೆ ಹೇಳಿದೆ, ಮಧ್ಯಾಹ್ನ ಎಲ್ಲಾ ಮುರಿದುಬಿತ್ತು. ನಿಮ್ಮಿಂದ ಇದನ್ನ ನಾನು ಅಂದ್ಕೊಂಡಿರಲಿಲ್ಲ."

"ನಾನೇನೂ ಮುಟ್ಟಿಲ್ಲ," ಎಂದರು ಮೇಡಂ. ಧ್ವನಿ ಗಟ್ಟಿ ಇರಲಿಲ್ಲ.

"ಹೋಗೋರು ಹೋಗ್ತಾ ಕಲ್ಲು ಹೊಡೆದು ಹೋಗ್ತಾರೆ," ಎಂದ ಮೂಲೆಯಲ್ಲಿದ್ದ ಹಿರಿಯ ಪ್ರೋಗ್ರಾಮರ್.

ಬಾಮೈದನಿಗೆ ಇನ್ನು ತಡೆಯಲಾಗಲಿಲ್ಲ. "ಭಾವ, ಇವತ್ತು ಏನೂ ಮುರಿದಿಲ್ಲ," ಎಂದ. "ಮೂರು ವಾರದಿಂದ ಮುರೀತಾನೇ ಇದೆ. ಸೋತಿದ್ದು ಟಿವಿಗೆ ಬರದ ಹಾಗೆ ನಾನೇ ಮಾಡಿದ್ದೆ. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ. ಅದೇ ಫೈಲು ಎಲ್ಲರಿಗೂ ಹೋಯ್ತು. ಮೇಡಂ ಹೇಳ್ತಿದ್ದಿದ್ದೇ ನಿಜ."

ವಿಚಿತ್ರವೆಂದರೆ ಯಾರೂ ಆಶ್ಚರ್ಯಪಡಲಿಲ್ಲ. ಒಬ್ಬ ಕೀಬೋರ್ಡಿನ ಧೂಳು ಊದಿದ, ಇನ್ನೊಬ್ಬ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. ಆಗ ಬಾಮೈದನಿಗೆ ಹೊಳೆಯಿತು. ತಂತಮ್ಮ ಬಿಲ್ಡ್ ಮುರಿದರೂ ಟಿವಿಯಲ್ಲಿ ಬರುತ್ತಿಲ್ಲ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿತ್ತು. ತಾನೊಬ್ಬನೇ ಬಚಾವಾದೆ ಎಂದುಕೊಂಡು ಪ್ರತಿಯೊಬ್ಬನೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬಾಯಿ ಬಿಟ್ಟವರು ಮೇಡಂ ಒಬ್ಬರೇ.

"ಮೇಡಂ, ಬೆಳಿಗ್ಗೆ ಹೇಳಿದ್ದನ್ನ ಮರೆತುಬಿಡಿ. ಈಗ ಅಂದಿದ್ದನ್ನೂ," ಎಂದ ಭಾವ, ಅವರ ಮುಖ ನೋಡದೆ. ಆಮೇಲೆ ಬಾಮೈದನ ಕಡೆ ತಿರುಗಿ, "ನಿಮ್ಮಕ್ಕನಿಗೆ ನೀನೇ ಹೇಳು. ನನ್ನ ಕೈಲಾಗಲ್ಲ," ಎಂದು ಒಳಗೆ ಹೋದ.

ಎಲ್ಲರೂ ತಂತಮ್ಮ ಪರದೆಗಳೊಳಗೆ ತಲೆ ಹುದುಗಿಸಿದ ಮೇಲೆ ಬಾಮೈದ ಮೇಡಂ ಮೇಜಿನ ಹತ್ತಿರ ಹೋದ. ತನ್ನ ಮೇಲೆ ತಾನೇ ಹೊಡೆದುಕೊಳ್ಳುವ ಒಂದು ಒಳ್ಳೆಯ ಜೋಕು ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು.

ಮೇಡಂ ಮೊದಲು ಮಾತಾಡಿದರು. "ಮೂರು ವಾರದಲ್ಲಿ ಈ ಮೆಷಿನ್ ಎಲ್ಲಾ ಅಳಿಸಿ ಎರಡು ಸಲ ಹೊಸದಾಗಿ ಹಾಕಿದೆ. ಕಣ್ಣು ಡಾಕ್ಟರ ಹತ್ತಿರ ಹೋಗಿ ಬಂದೆ. ನಮ್ಮ ತಾಯಿಗೆ ಕೊನೆಕೊನೆಗೆ ನೆನಪು ಹೋಗಿತ್ತು. ನನಗೂ ಶುರುವಾಯ್ತು ಅಂದ್ಕೊಂಡೆ. ಮನೇಲಿ ಯಾರಿಗೂ ಹೇಳಿರಲಿಲ್ಲ."

ಜೋಕು ಎಲ್ಲಿ ಹೋಯಿತೋ. ತನ್ನನ್ನು ತಾನು ಬೈದುಕೊಂಡು ನಗಿಸುವುದೂ, ನೀವೂ ನಕ್ಕು ನನ್ನನ್ನು ಬಿಟ್ಟುಬಿಡಿ ಎಂದು ಕೇಳುವ ಒಂದು ಉಪಾಯ ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ತಪ್ಪಾಯ್ತು ಮೇಡಂ," ಎಂದ.

ಅವರು ಪರವಾಗಿಲ್ಲ ಎನ್ನಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದು ಕೆಳಗಿಟ್ಟರು.

"ಮೇಲಿಂದ ಎರಡನೇ ಕೆಂಪು ನಿಮ್ಮದೇ," ಎಂದರು. "ಕೂತ್ಕೊಳ್ಳಿ, ಎಲ್ಲಿ ಮುರಿದಿದೆ ಓದಿ ಹೇಳಿ. ಜೋರಾಗಿ ಓದಿ."

ಅವನು ಕೂತು, ಎಲ್ಲರಿಗೂ ಕೇಳುವ ಹಾಗೆ, ತನ್ನ ಸೋಲನ್ನು ಮೊದಲ ಸಾಲಿನಿಂದ ಓದಲು ಶುರುಮಾಡಿದ.