ಕುಣಿಗಲ್ ಬಾಗಿಲಲ್ಲಿ ಇಳಿಯುವ ಗಾಡಿ

ಹಳೇ ಗಾಡಿ ಕೊಳ್ಳಲು ಬಂದವರು ಟೈರು ಒದ್ದು ನೋಡುತ್ತಾರೆ, ಬಾನೆಟ್ ಎತ್ತಿ ಎಲ್ಲ ಗೊತ್ತಿದ್ದವರ ಹಾಗೆ ಒಳಗೆ ಇಣುಕುತ್ತಾರೆ. ಖುರ್ಷಿದ್ ಪಾಷಾ ಹಾಗಲ್ಲ. ಬಾಗಿಲು ತೆಗೆದು ಮೊದಲು ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ. ತುಮಕೂರಿನ ಗುಬ್ಬಿ ಗೇಟಿನಲ್ಲಿ ಅವನದು ಸೀಟು ಹೊಲಿಯುವ ಅಂಗಡಿ. ಸೈಕಲ್ಲಿನ ಸೀಟಿನಿಂದ ಶುರುಮಾಡಿ, ಆಟೋ, ಲಾರಿ ಎಂದು ಮೇಲೆ ಹತ್ತಿ, ಎರಡು ಸಾವಿರದ ಇಸವಿಯ ಹೊತ್ತಿಗೆ ಊರಿನ ಒಳ್ಳೊಳ್ಳೆ ಕಾರುಗಳೆಲ್ಲ ಅವನ ಅಂಗಡಿ ಮುಂದೆ ಬಾಗಿಲು ತೆರೆದುಕೊಂಡು ನಿಲ್ಲುವಂತಾಗಿತ್ತು. ಊರಿಗೆಲ್ಲ ಮೆತ್ತನೆಯ ಸೀಟು ಹೊಲಿದುಕೊಟ್ಟವನು ತಾನು ಓಡಾಡುತ್ತಿದ್ದುದು ಹಳೇ ಲೂನಾದಲ್ಲಿ. ಅದರ ಸೀಟು ಹರಿದು ಸ್ಪಂಜು ಕಾಣುತ್ತಿತ್ತು. ಅದನ್ನು ಹೊಲಿಯಲು ಅವನಿಗೆ ಪುರುಸೊತ್ತಿರಲಿಲ್ಲ.

ಪಾಷಾ ಜಿಪುಣನಲ್ಲ, ಜಗಳಗಂಟನೂ ಅಲ್ಲ. ಹೆಂಡತಿ ಮಕ್ಕಳೆಂದರೆ ಪ್ರಾಣ. ಇದ್ದದ್ದು ಒಂದೇ ಕೆಟ್ಟ ಚಾಳಿ: ಯಾರದಾದರೂ ಮಾತು ಮನಸ್ಸಿಗೆ ತಾಗಿತೋ, ಆಡಿದವರು ಮರೆತು ಎಷ್ಟೋ ವರ್ಷವಾದರೂ ಇವನು ಮರೆಯುತ್ತಿರಲಿಲ್ಲ.

ಹಾಗೆ ತಾಗಿದ ಮಾತೊಂದಿತ್ತು. ತೊಂಬತ್ತರ ದಶಕದ ನಡುವೆ, ಹೆಂಡತಿ ಜೈನಬ್ ಬೀಯ ತಮ್ಮ ತಾರಿಖ್‌ನ ಮದುವೆ ಕುಣಿಗಲ್ಲಿನಲ್ಲಿ. ಪಾಷಾ ವಾರಗಟ್ಟಲೆ ಕೂತು ಮದುಮಗನಿಗೆಂದು ಸೋಫಾ ಸೆಟ್ ಮಾಡಿದ. ಅದನ್ನು ಹೇರಿದ ಟೆಂಪೋದಲ್ಲೇ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೋದ. ಸೋಫಾ ಹೇಗೂ ಖಾಲಿ ಬರುತ್ತಿದೆ, ಅದರ ಮೇಲೆ ಕೂತರಾಯಿತು ಎಂಬ ಲೆಕ್ಕ. ಟೆಂಪೋ ಮನೆ ಮುಂದೆ ನಿಂತಾಗ, ಶೇರ್ವಾನಿ ತೊಟ್ಟು ಬಾಗಿಲಲ್ಲಿ ನಿಂತಿದ್ದ ತಾರಿಖ್ ಒಳಗೆ ಯಾರಿದ್ದಾರೆಂದು ನೋಡದೆ ಕೂಗಿದ: “ಸಾಮಾನಿನ ಗಾಡಿ ಹಿಂದಿನ ಬಾಗಿಲಿಗೆ ಹೋಗ್ಲಿ!” ಅಷ್ಟರಲ್ಲಿ ಸೋಫಾದ ಮೇಲೆ ಅಕ್ಕನ ಬುರ್ಖಾ ಕಂಡಿತು. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾರಿಖ್ ನಾಲಿಗೆ ಕಚ್ಚಿಕೊಂಡು ಓಡಿಬಂದು ಭಾವನನ್ನು ತಬ್ಬಿಕೊಂಡ. ಜೈನಬಳೂ ನಕ್ಕಳು. ನಗದವನು ಪಾಷಾ ಒಬ್ಬನೇ. ಇನ್ನು ಈ ಬಾಗಿಲಲ್ಲಿ ಇಳಿದರೆ ಜನ ತಿರುಗಿ ನೋಡುವ ಗಾಡಿಯಲ್ಲೇ ಇಳಿಯಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆಮೇಲೆ ಹೆಂಡತಿ ಮಕ್ಕಳು ಬಸ್ಸಿನಲ್ಲಿ ತವರಿಗೆ ಹೋಗಿಬರುತ್ತಿದ್ದರು. ಹೊರಡುವ ದಿನ ಇವನಿಗೆ ಮಾತ್ರ ಅಂಗಡಿಯಲ್ಲಿ ಬಿಡಲಾರದ ಕೆಲಸ ಬೀಳುತ್ತಿತ್ತು.

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ಜೈನಬ್ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ಡಾಕ್ಟರು ಹೇಳಿದ್ದಿಷ್ಟು: ಬಗ್ಗಬಾರದು, ತಗ್ಗಿನ ಸೀಟಿನಲ್ಲಿ ಕೂರಬಾರದು, ಕೂತರೆ ಎತ್ತರದಲ್ಲಿ, ನೆಟ್ಟಗೆ. ಒಮ್ಮೆ ಹಟ ಮಾಡಿ ಕುಣಿಗಲ್ ಬಸ್ಸು ಹತ್ತಿದಳು. ಹೆಬ್ಬೂರು ಬರುವಷ್ಟರಲ್ಲಿ ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು, ಅಲ್ಲಿಂದಲೇ ವಾಪಸ್ಸು. ಇನ್ನೊಮ್ಮೆ ಟ್ಯಾಕ್ಸಿ ಕರೆಸಿದರೆ ಅದರ ಸೀಟಿನಲ್ಲಿ ಹೂತುಹೋದಳು. ಬೀದಿ ದಾಟುವ ಮೊದಲೇ ನೆರೆಮನೆಯ ಹೆಂಗಸರು ಸೇರಿ ಅವಳನ್ನು ಎತ್ತಿ ಇಳಿಸಬೇಕಾಯಿತು.

ಅದೇ ಹೊತ್ತಿಗೆ ಕುಣಿಗಲ್ಲಿನಲ್ಲಿ ಅವಳ ತಾಯಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಅಮ್ಮಿ ಇಲ್ಲಿಗೆ ಬರುವಂತಿಲ್ಲ, ಮಗಳು ಅಲ್ಲಿಗೆ ಹೋಗುವಂತಿಲ್ಲ. ಮಧ್ಯೆ ಇದ್ದದ್ದು ಒಂದು ಗಂಟೆಯ ದಾರಿ. “ಜೈನೂನ ಒಂದ್ಸಲ ತೋರ್ಸಿ” ಎಂದು ಅಮ್ಮಿ ಆ ಕಡೆಯಿಂದ ಬಂದವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಳು. ಈ ಮನೆಯವರು ಆಡುವುದು ಉರ್ದು. ಕನ್ನಡಕ್ಕೆ ತಂದರೂ ಆ ಮಾತಿನ ಸಂಕಟ ಕಡಿಮೆಯೇನೂ ಆಗುವುದಿಲ್ಲ.

ಪಾಷಾ ಗಾಡಿ ಕೊಳ್ಳಲು ಹೊರಟದ್ದು ಆಗ. ಚೀಟಿ ಎತ್ತಿದ ದುಡ್ಡು, ಅಂಗಡಿಯ ಉಳಿತಾಯ ಎಲ್ಲ ಸೇರಿಸಿದರೂ ಹೊಸದು ಕನಸಿನ ಮಾತು, ಹಳೆಯದಕ್ಕೆ ಅಡ್ಡಿಯಿಲ್ಲ. ಜೀಪಿನಂತೆ ಎತ್ತರ ಇರಬೇಕು, ಮನೆಮಂದಿಯೆಲ್ಲ ಹಿಡಿಯಬೇಕು, ಜೈನಬಳ ಬೆನ್ನಿಗೆ ಒಗ್ಗಬೇಕು. ಇಷ್ಟನ್ನು ಅವನು ಬಾಯಿಬಿಟ್ಟು ಹೇಳುತ್ತಿದ್ದ. ನೋಡಿದವರ ಕಣ್ಣು ಕುಕ್ಕಬೇಕು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮೊದಲು ಸಿಕ್ಕಿದ್ದು ಹೊನ್ನಯ್ಯನ ಟ್ರ್ಯಾಕ್ಸು. ಹೊನ್ನಯ್ಯ ಗುಬ್ಬಿಯವನು, ಗುಬ್ಬಿಗೂ ತುಮಕೂರಿಗೂ ಜನ ತುಂಬಿಕೊಂಡು ಓಡಿಸುತ್ತಿದ್ದ. ಡ್ರೈವರ್ ಕೆಲಸ ಸಾಕಾಗಿ ಕೊಬ್ಬರಿ ವ್ಯಾಪಾರಕ್ಕೆ ಇಳಿಯಬೇಕೆಂದಿದ್ದ. ಗಾಡಿ ಒಂದು ದೊಡ್ಡ ಡಬ್ಬದ ಹಾಗಿತ್ತು. ಬಿಳಿ ಬಣ್ಣ ಹಾಲು ಕಮ್ಮಿ ಬಿದ್ದ ಟೀ ಬಣ್ಣಕ್ಕೆ ತಿರುಗಿತ್ತು. ಆದರೆ ಮುಂದಿನ ಸೀಟು ಪಾಷಾನೇ ಹೊಲಿದದ್ದು.

“ಅಮ್ಮಾವ್ರನ್ನ ಕೂರ್ಸಿ ನೋಡಿ ಸಾಬ್ರೇ, ಕೂರ್ಸಿ ನೋಡೋಕೇನು ಕಾಸಾ?” ಎಂದ ಹೊನ್ನಯ್ಯ.

ಒಂದು ಸ್ಟೂಲು ಇಟ್ಟು ಜೈನಬಳನ್ನು ಹತ್ತಿಸಿದರು. ಅವಳು ಕಿಟಕಿ ಪಕ್ಕ, ಪಾಷಾ ನಡುವೆ. ಕೋರದ ತನಕ ಹೋಗಿ ತಿರುಗಿಸಿಕೊಂಡು ಬಂದರು. ಹೋಗುವಾಗ ಜೈನಬ್ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಬರುವಾಗ ಕೈಬಿಟ್ಟು, ಹೊಲದ ಕಡೆ ನೋಡುತ್ತ, ಅವರೆಕಾಯಿ ಬಿಟ್ಟಿದೆಯೆಂದು ಹುಡುಗಿಯ ಹಾಗೆ ಬೆರಳು ಮಾಡಿ ತೋರಿಸುತ್ತಿದ್ದಳು. ಊರು ಹತ್ತಿರವಾದಾಗ ಗಂಡನ ತೋಳು ಹಿಡಿದುಕೊಂಡಳು.

“ರೀ, ನೋವೇ ಇಲ್ಲ. ಹಿಂಗೇ ಕುಣಿಗಲ್ ರೋಡಿಗೆ ತಿರುಗಿಸೋಕೆ ಹೇಳ್ರಿ. ಅಮ್ಮೀನ ನೋಡ್ಕೊಂಡು ಸಾಯಂಕಾಲಕ್ಕೆ ಬಂದ್ಬಿಡೋಣ.”

“ನಂಗೇನು ತಾಯಿ, ಈಗ್ಲೇ ಹೋಗ್ಬುಡಾನ” ಎಂದು ಹೊನ್ನಯ್ಯ ಆಗಲೇ ಗೇರು ಇಳಿಸಿದ್ದ.

ಪಾಷಾನ ಕಣ್ಣ ಮುಂದೆ ಆ ಬಾಗಿಲು ಬಂತು. ಸಂತೆಯ ಜನ ಹೇರುವ ಈ ಡಬ್ಬ ಅಲ್ಲಿ ನಿಂತಂತೆ, ಯಾರೋ ಹಿಂದಿನ ಬಾಗಿಲು ತೋರಿಸಿದಂತೆ ಕಂಡಿತು. “ಇವತ್ತು ಬೇಡ” ಎಂದ. “ಬರಿಗೈಲಿ ಹೋಗೋದಾ? ಒಳ್ಳೇ ಗಾಡಿ ತಗೊಂಡು, ಮಕ್ಕಳನ್ನೂ ಕರ್ಕೊಂಡು ಚೆನ್ನಾಗಿ ಹೋಗೋಣ.”

ಜೈನಬ್ ತೋಳು ಬಿಟ್ಟಳು. ಹೊನ್ನಯ್ಯ ಮತ್ತೆ ಗೇರು ಏರಿಸಿ ಗುಬ್ಬಿ ಗೇಟಿನ ಕಡೆಗೇ ಓಡಿಸಿದ.

ಪಾಷಾನ ಕಣ್ಣು ಬಿದ್ದದ್ದು ತುಮಕೂರಿನದೇ ಸದಾಶಿವನಗರದ ಡಾಕ್ಟರೊಬ್ಬರ ಸಿಯೆರಾ ಕಾರಿನ ಮೇಲೆ. ಕಡುಗೆಂಪು ಬಣ್ಣ, ಚಾವಣಿಯ ತನಕ ಬಾಗಿ ಹೋದ ದೊಡ್ಡ ಗಾಜು. ಬೀದಿಯಲ್ಲಿ ಹೋದರೆ ಟೀ ಕುಡಿಯುವವರು ಲೋಟ ಹಿಡಿದೇ ತಿರುಗುತ್ತಿದ್ದರು. ಡಾಕ್ಟರು ಹೊಸ ಗಾಡಿ ಬುಕ್ ಮಾಡಿದ್ದರು. ಅದು ಕೈಗೆ ಬಂದ ಮೇಲೆ ಇದನ್ನು ಪಾಷಾನಿಗೇ ಕೊಡುವುದೆಂದು, ಅವನ ಕೈಗೆಟಕುವ ಬೆಲೆಗೇ, ಮಾತಾಗಿತ್ತು. ಅಂಗಡಿ ಮುಂದೆ ಅದು ನಿಂತಿದ್ದಾಗ ಜೈನಬ್ ಬಂದು ಸುತ್ತ ನೋಡಿದಳು.

“ಎರಡೇ ಬಾಗಿಲು ಇದೆಯಲ್ರೀ. ಮಕ್ಕಳು ಹಿಂದೆ ಹೋಗ್ಬೇಕಾದ್ರೆ ನಾನು ಮೊದಲು ಇಳೀಬೇಕಾ?”

“ಒಂದ್ಸಲ ಕೂತ್ರೆ ಕುಣಿಗಲ್ ತನಕ ಯಾರು ಇಳೀತಾರೆ?” ಎಂದ ಪಾಷಾ. ಹದಿಹರೆಯದ ಮಗಳು ಅರ್ಜೂ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, “ಅಬ್ಬಾ, ಇದೇ ಇರ್ಲಿ” ಎಂದುಬಿಟ್ಟಳು. ಅಲ್ಲಿಗೆ ತೀರ್ಮಾನವಾಯಿತು.

ಹೊಸ ಗಾಡಿ ಮುಂದಿನ ತಿಂಗಳು ಬರುತ್ತದೆ ಎಂದರು ಡಾಕ್ಟರು. ಮುಂದಿನ ತಿಂಗಳೂ ಅದನ್ನೇ ಅಂದರು. ಪಾಷಾ ಸುಮ್ಮನೆ ಕೂರಲಿಲ್ಲ. ಸಿಯೆರಾದ ಅಳತೆ ತಂದು, ಬೆಂಗಳೂರಿನಿಂದ ಮೆರೂನ್ ವೆಲ್ವೆಟ್ ತರಿಸಿ, ಗಾಡಿ ಬರುವ ಮೊದಲೇ ಸೀಟಿನ ಕವರು ಹೊಲಿಯಲು ಕೂತ. ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಬೆನ್ನಿನ ತಗ್ಗು ಎಲ್ಲಿ, ನೋವು ಎಲ್ಲಿ ಎಂದು ಅಂಗೈಯಲ್ಲಿ ತಡವಿ ನೋಡಿ, ಅದಕ್ಕೆ ತಕ್ಕ ಹಾಗೆ ಸ್ಪಂಜು ಕೆತ್ತಿ ಒಂದು ದಿಂಬು ಮಾಡಿದ. ಅಷ್ಟು ಅಚ್ಚುಕಟ್ಟಾಗಿ ಅವನು ಜನ್ಮದಲ್ಲಿ ಏನನ್ನೂ ಹೊಲಿದಿರಲಿಲ್ಲ. ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಆ ದಿಂಬನ್ನು ಹೊನ್ನಯ್ಯನ ಟ್ರ್ಯಾಕ್ಸಿನಲ್ಲಿ ಇಟ್ಟಿದ್ದರೂ ಜೈನಬಳ ಬೆನ್ನಿಗೆ ಅಷ್ಟೇ ಹಿತವಾಗುತ್ತಿತ್ತು. ಈ ಸಣ್ಣ ಮಾತು ಆ ಮಹರಾಯನಿಗೆ ಹೊಳೆಯಲಿಲ್ಲ, ಹೊಳೆದರೂ ಬೇಕಿರಲಿಲ್ಲ.

ಜೈನಬ್ ಇನ್ನೊಮ್ಮೆ ಕೇಳಿದಳು. “ಕೊಳ್ಳೋದು ನಿಧಾನ ಆಗ್ಲಿ. ಒಂದು ದಿನದ ಮಟ್ಟಿಗೆ ಹೊನ್ನಯ್ಯನ ಗಾಡಿ ಬಾಡಿಗೆಗೆ ಹೇಳ್ರಿ.”

“ಬಾಡಿಗೆ ಗಾಡೀಲಿ ಹೋಗಿ ಆ ಬಾಗಿಲಲ್ಲಿ ಇಳೀಲಾ? ಇಷ್ಟು ದಿನ ಕಾದಿದೀಯ, ಇನ್ನೊಂಚೂರು ತಡ್ಕೋ.”

ಅವಳು ಮತ್ತೆ ಕೇಳಲಿಲ್ಲ. ಬೇಸಿಗೆ ಹೋಗಿ ಮಳೆ ಶುರುವಾಯಿತು.

ಒಂದು ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು. ತಾರಿಖ್. ಅಮ್ಮಿ ನಸುಕಿನಲ್ಲಿ ಹೋಗಿಬಿಟ್ಟಿದ್ದಳು. “ಮಧ್ಯಾಹ್ನ ಜೋಹರ್ ನಮಾಜಾದ ಮೇಲೆ ಎತ್ತುತ್ತೀವಿ ದುಲ್ಹಾಭಾಯ್. ಆಪಾನ ಹೆಂಗಾದ್ರೂ ಮಾಡಿ ಕರ್ಕೊಂಡ್ಬನ್ನಿ. ಮುಖ ನೋಡ್ಲಿ.”

ಪಾಷಾ ಮೊದಲು ಓಡಿದ್ದು, ನಂಬಿದರೆ ನಂಬಿ, ಸದಾಶಿವನಗರಕ್ಕೆ. ಗೇಟಿಗೆ ಬೀಗ, ಡಾಕ್ಟರ ಮನೆಯವರೆಲ್ಲ ಸಿಯೆರಾದಲ್ಲೇ ಯಾವುದೋ ಮದುವೆಗೆ ಹೋಗಿದ್ದರು. ಅಲ್ಲಿಂದ ಲೂನಾ ತಿರುಗಿಸಿ ಬಸ್‌ಸ್ಟ್ಯಾಂಡಿಗೆ ಬಂದರೆ ಹೊನ್ನಯ್ಯ ಗುಬ್ಬಿಗೆ ಜನ ತುಂಬುತ್ತಿದ್ದ. ಗಾಡಿ ಮಾರಾಟವಾಗದೆ ಅವನು ಅದೇ ದಾರಿಯಲ್ಲಿ ಓಡಾಡಿಕೊಂಡಿದ್ದ. ಪಾಷಾನ ಮುಖ ನೋಡಿದವನೇ, “ಎಲ್ರೂ ಇಳೀರಪ್ಪಾ, ಇವತ್ತು ಈ ಗಾಡಿ ಗುಬ್ಬಿಗೆ ಹೋಗಾಕಿಲ್ಲ” ಎಂದು ಕೂತವರನ್ನೆಲ್ಲ ಇಳಿಸಿದ. ಆದರೆ ಈ ಓಡಾಟದಲ್ಲೇ ಹೊತ್ತು ಏರಿಬಿಟ್ಟಿತ್ತು.

ಮಳೆಗೆ ಕುಣಿಗಲ್ ರಸ್ತೆ ಕಿತ್ತುಹೋಗಿತ್ತು. ಗುಂಡಿ ಬಂದಲ್ಲೆಲ್ಲ ಹೊನ್ನಯ್ಯ ನಿಧಾನ ಮಾಡುತ್ತಿದ್ದ. “ನನ್ನ ನೋಡ್ಬೇಡಿ ಹೊನ್ನಯ್ಯ, ಓಡಿಸಿ” ಎಂದಳು ಜೈನಬ್. ಅವನು ಓಡಿಸಿದ. ಒಂದೊಂದು ಕುಲುಕಿಗೂ ಅವಳ ಉಗುರು ಪಾಷಾನ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವಳು ಒಮ್ಮೆಯೂ ಕೂಗಲಿಲ್ಲ. ಹೆಬ್ಬೂರು ಬಂತು, ಹೋಯಿತು.

ಟ್ರ್ಯಾಕ್ಸು ಹೋಗಿ ಆ ಬಾಗಿಲ ಮುಂದೆಯೇ ನಿಂತಿತು. ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಜಗಲಿಯ ಮೇಲೆ ಖಾಲಿ ಕುರ್ಚಿಗಳು, ಅಂಗಳದಲ್ಲಿ ಚೆಲ್ಲಿದ ನೀರು, ಊದುಬತ್ತಿಯ ವಾಸನೆ. ಗಂಡಸರೆಲ್ಲ ಜನಾಜಾದ ಹಿಂದೆ ಹೋಗಿಬಿಟ್ಟಿದ್ದರು. ಒಳಗಿನಿಂದ ಹೆಂಗಸರ ಅಳು ಮಾತ್ರ ಕೇಳುತ್ತಿತ್ತು. ಯಾವ ಗಾಡಿಯಲ್ಲಿ ಬಂದರೆಂದು ನೋಡಲು ಆ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಜೈನಬ್ ಇಳಿದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವರಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಅವಳಿಗೆ ಇದ್ದದ್ದು ಇಷ್ಟೇ ದಾರಿ, ಅದು ಇಲ್ಲಿಗೆ ಮುಗಿಯಿತು. ಗಂಡನ ಕಡೆ ತಿರುಗಿ, “ನೀವು ಓಡಿ” ಎಂದಳು. “ನೀವಾದ್ರೂ ಮಣ್ಣು ಹಾಕಿ.”

ಪಾಷಾ ಹೋಗುವಷ್ಟರಲ್ಲಿ ಗೋರಿ ಮುಚ್ಚುತ್ತಿದ್ದರು. ಎಲ್ಲರೊಂದಿಗೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ತಾರಿಖ್ ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಅಳುತ್ತಲೇ ಕೇಳಿದ:

“ಆಪಾ ಬಂದ್ಲಾ? ಯಾವುದರಲ್ಲಿ ಬಂದ್ಲು?”

“ಟ್ರ್ಯಾಕ್ಸಲ್ಲಿ.”

“ನೋವಾಗ್ಲಿಲ್ವಾ?”

“ತಡ್ಕೊಂಡ್ಲು.”

“ಕಾದ್ವಿ ದುಲ್ಹಾಭಾಯ್, ಹಿರಿಯರು ಇನ್ನು ತಡ ಮಾಡ್ಬಾರದು ಅಂದ್ರು” ಎಂದ ತಾರಿಖ್. ಮೂಗು ಒರೆಸಿಕೊಂಡು, “ನಮ್ಮ ಅಂಗಡಿ ಜೀಪು ಇತ್ತು. ಕಳಿಸ್ತೀನಿ ಅಂತ ಎಷ್ಟು ಸಲ ಅಂದೆ. ಅಮ್ಮೀನೇ ಬೇಡ ಅಂದ್ಲು. ಅಳಿಯನಿಗೆ ಮನಸ್ಸಿಗೆ ಹತ್ತುತ್ತೆ, ಅವರೇ ತಮ್ಮ ಗಾಡೀಲಿ ಕರ್ಕೊಂಡ್ಬರ್ತಾರೆ, ಕಾಯ್ತೀನಿ ಅಂದ್ಲು.”

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಆ ಮದುವೆಯ ದಿನ ತಾನು ಏನಂದಿದ್ದೆ ಎಂಬುದು ಅವನಿಗೆ ನೆನಪೂ ಇರಲಿಲ್ಲ. ನೆನಪಿಟ್ಟುಕೊಂಡಿದ್ದವರು ಇಬ್ಬರೇ, ಪಾಷಾ ಮತ್ತು ಅಮ್ಮಿ. ಪಾಷಾ ಅಲ್ಲೇ ಒದ್ದೆ ಮಣ್ಣಿನ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ದನಿ ತೆಗೆದು ಅತ್ತ. ಅಳಿಯನಿಗೆ ಅತ್ತೆಯ ಮೇಲೆ ಎಷ್ಟು ಪ್ರೀತಿ ಎಂದು ಜನ ಮಾತಾಡಿಕೊಂಡರು.

ಜೈನಬ್ ಬೈಯಲಿಲ್ಲ. ಒಂದು ಸಲವಾದರೂ ಬೈದಿದ್ದರೆ ಪಾಷಾನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಡಾಕ್ಟರ ಹೊಸ ಗಾಡಿ ಬಂತು. ಅವರು ಸಿಯೆರಾವನ್ನು ತಾವೇ ಓಡಿಸಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿ, “ತಗೊಳ್ಳಿ ಪಾಷಾ, ನಿಮ್ಮ ಗಾಡಿ” ಎಂದರು. ನಾಳೆ ಹೇಳುತ್ತೇನೆಂದು ಅವನು ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು.

“ಮಕ್ಕಳಿಗೆ ಬೇಕಿದ್ರೆ ತಗೊಳ್ಳಿ. ನನಗಾದ್ರೆ ಬೇಡ. ನಾನು ಇನ್ನೆಲ್ಲಿಗೆ ಹೋಗ್ಬೇಕು?”

ಪಾಷಾ ಗಾಡಿ ಕೊಳ್ಳಲಿಲ್ಲ. ಮರುದಿನ ಹೊನ್ನಯ್ಯನನ್ನು ಅಂಗಡಿ ಮುಂದೆ ನಿಲ್ಲಿಸಿ, ಅವನು ಬೇಡ ಬೇಡವೆಂದರೂ ಕೇಳದೆ, ಮೆರೂನ್ ವೆಲ್ವೆಟ್ಟನ್ನು ಕತ್ತರಿಸಿ ಟ್ರ್ಯಾಕ್ಸಿನ ಮುಂದಿನ ಸೀಟಿಗೆ ಹೊಲಿದು, ಕಿಟಕಿ ಪಕ್ಕದಲ್ಲಿ ಆ ದಿಂಬನ್ನೂ ಸೇರಿಸಿ ಕೂರಿಸಿದ. ಗುಬ್ಬಿಯ ಜನ ಆ ಜಾಗಕ್ಕಾಗಿ ನೂಕಾಡುತ್ತಿದ್ದರು. ಬೆನ್ನಿಗೆ ಅದೇನು ಹಿತವಪ್ಪಾ ಎನ್ನುತ್ತಿದ್ದರು. ದಿನಕ್ಕೆ ಎಷ್ಟೋ ಸಲ ಟ್ರ್ಯಾಕ್ಸು ಅಂಗಡಿ ಮುಂದೆ ಹಾದುಹೋಗುತ್ತಿತ್ತು, ಹೊನ್ನಯ್ಯ ಹಾರನ್ ಮಾಡಿ ಕೈ ಎತ್ತುತ್ತಿದ್ದ. ಆ ಸೀಟಿನಲ್ಲಿ ಯಾರಾದರೊಬ್ಬರು ಕೂತಿರುತ್ತಿದ್ದರು.